ಕೆಂಪು ಸಮುದ್ರವೂ ನವಲಗುಂದದ ಬಿತ್ತನೆಯೂ

ನವಲಗುಂದದ ಎರೆ ಹೊಲದಲ್ಲಿ ನಿಂತವರಿಗೆ ಸಮುದ್ರ ದೂರದ ಮಾತು. ಆದರೂ ಈ ಸೀಮೆಯ ಹತ್ತಿ ನೂರೈವತ್ತು ವರ್ಷಗಳಿಗೂ ಹಿಂದೆಯೇ ಸಮುದ್ರ ದಾಟಿತ್ತು. ಧಾರವಾಡ ಜಿಲ್ಲೆಯ ಅರಳೆ ಘಟ್ಟ ಇಳಿದು ಕುಮಟೆಯ ಬಂದರಿಗೆ, ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ನಮ್ಮ ನಾಡಹತ್ತಿಗೆ ವಿಲಾಯತಿಯ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರು. ಬೆಳೆದ ಹೊಲಕ್ಕೆ ಸಿಗದ ಮಾನ ಹಡಗು ಹತ್ತಿದ ಬಂದರಿಗೆ ಸಿಕ್ಕಿತು! 1861ರಿಂದ 1865ರ ವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ನಿಂತು, ಇಲ್ಲಿಯದಕ್ಕೆ ಬಂಗಾರದ ಬೆಲೆ ಬಂತು. ಆ ಹತ್ತಿಯ ಹಡಗುಗಳು ಆಫ್ರಿಕೆಯನ್ನೇ ಸುತ್ತಿಕೊಂಡು ಹೋಗಬೇಕಾಗಿತ್ತು. 1869ರ ನವೆಂಬರ್ 17ರಂದು ಸುಯೆಜ್ ಕಾಲುವೆ ತೆರೆದ ಮೇಲೆ ಮುಂಬಯಿ-ಲಂಡನ್ ಪ್ರಯಾಣದಲ್ಲಿ ಸುಮಾರು 8,000 ಕಿ.ಮೀ. ಉಳಿಯಿತು.

ಕೆಂಪು ಸಮುದ್ರದ ಈ ದಾರಿಗೆ ಎರಡು ಬಾಗಿಲು. ಉತ್ತರದ್ದು ಸುಯೆಜ್, ದಕ್ಷಿಣದ್ದು ಬಾಬ್-ಎಲ್-ಮಂದೆಬ್ ಜಲಸಂಧಿ. ಅರಬ್ಬಿಯಲ್ಲಿ ಹಾಗೆಂದರೆ ‘ಕಣ್ಣೀರಿನ ಬಾಗಿಲು’. ಆಚೆ ಯೆಮೆನ್, ಈಚೆ ಆಫ್ರಿಕೆ. ನಡುವೆ ಸುಮಾರು 30 ಕಿ.ಮೀ. ನೀರು. ನವಲಗುಂದದಿಂದ ಹುಬ್ಬಳ್ಳಿ ಇದಕ್ಕಿಂತ ದೂರ! ಯುದ್ಧವಿರಲಿ ಶಾಂತಿಯಿರಲಿ, ಕಾಲುವೆ ಎಲ್ಲರಿಗೂ ತೆರೆದಿರಬೇಕೆಂದು 1888ರಲ್ಲಿ ಒಪ್ಪಂದವಾಗಿತ್ತು. ಆದರೂ 1967ರಿಂದ 1975ರ ವರೆಗೆ ಅದು ಮುಚ್ಚಿಯೇ ಇತ್ತು.

2023ರ ನವೆಂಬರಿನಿಂದ ಯೆಮೆನ್ನಿನ ಹೌತಿಗಳು ಗಾಜಾ ಯುದ್ಧದ ಕಾರಣ ಹೇಳಿ, ದಕ್ಷಿಣದ ಬಾಗಿಲಲ್ಲಿ ವ್ಯಾಪಾರದ ಹಡಗುಗಳ ಮೇಲೆ ಕೈಮಾಡಿದರು. ವಿಮೆಯ ದರ ಏರಿತು. ದೊಡ್ಡ ಕಂಪನಿಗಳು ತಿರುಗಿ ಗುಡ್ ಹೋಪ್ ಭೂಶಿರದ ಹಾದಿ ಹಿಡಿದವು. ಪ್ರಯಾಣ 10ರಿಂದ 14 ದಿನ ಬೆಳೆಯಿತು. ಅರಬ್ಬೀ ಸಮುದ್ರವೂ ನಿಶ್ಚಿಂತವಾಗಿ ಉಳಿಯಲಿಲ್ಲ: ಅದೇ ಡಿಸೆಂಬರ್ 23ರಂದು ಸೌದಿ ಅರೇಬಿಯದಿಂದ ನಮ್ಮ ಮಂಗಳೂರಿಗೆ ಕಚ್ಚಾ ತೈಲ ತರುತ್ತಿದ್ದ ‘ಕೆಮ್ ಪ್ಲೂಟೊ’ ಹಡಗಿಗೆ ಗುಜರಾತಿನಾಚೆ ಡ್ರೋನ್ ಬಡಿಯಿತು.

2024ರ ಮಾರ್ಚಿನಲ್ಲಿ ಕೆಂಪು ಸಮುದ್ರದಲ್ಲಿ ಮುಳುಗಿದ ‘ರೂಬಿಮಾರ್’ ಹಡಗಿನಲ್ಲಿ ಇದ್ದುದೇನು ಬಲ್ಲಿರಾ? ಸುಮಾರು 21,000 ಟನ್ ರಸಗೊಬ್ಬರ. ಅದು ನಮಗೆ ಬರುವ ಸರಕಾಗಿರಲಿಲ್ಲ, ನಿಜ. ಆದರೆ ಮೊರೊಕ್ಕೊದ ಡಿ.ಎ.ಪಿ., ಜೋರ್ಡಾನಿನ ಪೊಟ್ಯಾಷ್ ನಮ್ಮ ದೇಶಕ್ಕೆ ಬರುವ ಹತ್ತಿರದ ದಾರಿ ಇದೇ. ಮೊರೊಕ್ಕೊದ ಹಡಗಿಗೆ ಆಫ್ರಿಕೆಯನ್ನು ಸುತ್ತುವ ಉಪಾಯವಾದರೂ ಉಂಟು. ಜೋರ್ಡಾನಿಗಿರುವ ಒಂದೇ ಬಂದರು ಅಕಾಬಾ, ಅದು ಕೆಂಪು ಸಮುದ್ರದ ಒಳಗೇ ಇದೆ.

ಹೆಚ್ಚಿದ ಖರ್ಚನ್ನು ಸರಕಾರ ಸಹಾಯಧನದಲ್ಲಿ ಹೊತ್ತು ಚೀಲದ ದರವನ್ನು ಹಿಡಿದಿಟ್ಟೀತು. ದಿನಗಳನ್ನು ಯಾರು ಹಿಡಿದಿಡಬೇಕು? ಎರಡು ವಾರ ತಡವಾದ ಗೊಬ್ಬರ ನಿಮ್ಮೂರ ಸೊಸಾಯಿಟಿಗೆ ಮುಟ್ಟುವ ಹೊತ್ತಿಗೆ ಮುಂಗಾರಿ ಹೆಸರಿನ ಬಿತ್ತನೆ ಮುಗಿದಿರುತ್ತದೆ.