ಹಿತ್ತಲ ಕೋಳಿಗೂ ಒಗ್ಗಟ್ಟು ಬೇಕು



ನಮ್ಮ ಕೇರಿಗಳಲ್ಲಿ ಹಿತ್ತಲಿಗೆ ನಾಲ್ಕು ಕೋಳಿ ಸಾಕದವರು ಕಡಿಮೆ. ಗಿರಣಿಯ ಸಂಬಳ ಅಂಗಡಿಯ ಸಾಲಕ್ಕೆ ಹೋದರೂ ಮೊಟ್ಟೆ ಮಾರಿದ ಕಾಸು ಹೆಂಗಸರ ಕೈಯಲ್ಲಿ ಉಳಿಯುತ್ತದೆ. ಮಕ್ಕಳ ಪುಸ್ತಕಕ್ಕೆ, ಜ್ವರದ ಮದ್ದಿಗೆ ಅದೇ ಆಧಾರ. ಹೇಂಟೆ 21 ದಿನ ಕಾವು ಕೂತು ಮರಿ ಮಾಡುತ್ತದೆ. ಮರಿಗಳು ನುಚ್ಚು, ಹುಳು ತಿಂದು ಬೆಳೆಯುತ್ತವೆ. ಆದರೆ ಕೊಕ್ಕರೆ ರೋಗ ಹೊಕ್ಕಿತೆಂದರೆ ಕೆಲವೇ ದಿನಗಳಲ್ಲಿ ಗೂಡು ಬರಿದು. ಕತ್ತು ತಿರುಚಿಕೊಂಡು, ಹಸಿರು ಭೇದಿಯಾಗಿ ಸಾಯುತ್ತವೆ. ಬಂದ ಮೇಲೆ ಇದಕ್ಕೆ ಮದ್ದಿಲ್ಲ.

ಹಣೆಬರಹವೆಂದು ಸುಮ್ಮನಿರಬೇಕೆ? ಬೇಡ. ಮುಂಚೆಯೇ ತಡೆಯುವ ಲಸಿಕೆಯುಂಟು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ. ಎಂಟನೆಯ ವಾರ ಚುಚ್ಚುಮದ್ದು. ತೊಡಕಿರುವುದು ಸೀಸೆಯಲ್ಲಿ. ಸಾಮಾನ್ಯವಾಗಿ ಒಂದು ಸೀಸೆ 100 ಕೋಳಿಗಾದರೂ ಆಗುತ್ತದೆ. ಕಲಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆರು ಕೋಳಿಯ ಮನೆಯವರು ಸೀಸೆ ತೆಗೆದರೆ ಉಳಿದದ್ದೆಲ್ಲ ದಂಡ. ಹಾಗಾಗಿ ಯಾರೂ ಹಾಕಿಸುವುದಿಲ್ಲ, ಕೇರಿಯೇ ಕಳೆದುಕೊಳ್ಳುತ್ತದೆ.

ಆದ್ದರಿಂದ ಕೇರಿಗೊಂದು ಪಟ್ಟಿ ಮಾಡೋಣ. ಯಾರ ಮನೆಯಲ್ಲಿ ಎಷ್ಟು ಕೋಳಿ, ಮರಿಗೆ ಎಷ್ಟು ದಿನ ಎಂದು ಬರೆಯೋಣ. ಪಟ್ಟಿ ಹಿಡಿದು ಒಟ್ಟಾಗಿ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ ಕೇಳೋಣ. ಸೋಡಾ ಅಂಗಡಿಯವರು ಮಂಜುಗಡ್ಡೆ ಕೊಡಲಿ. ಕೇರಿಯ ಕೈಯಲ್ಲಿ ಕಾಸಾಡಿದರೆ ತಾನೇ ಅಂಗಡಿಯೂ ನಡೆಯುವುದು! ರಜೆಯ ಸಂಜೆ, ಕೋಳಿ ಗೂಡು ಸೇರುವ ಹೊತ್ತಿಗೆ, ಮನೆಮನೆಗೂ ಹೋಗೋಣ. ಕಾಯಿಲೆಯ ಕೋಳಿಯನ್ನು ಬೇರೆ ಇಡಿ, ಸಂತೆಗೆ ಒಯ್ಯಬೇಡಿ.

ರೋಗ ಯಾರ ಬೇಲಿಯನ್ನೂ ನೋಡುವುದಿಲ್ಲ. ಅದನ್ನು ತಡೆಯುವ ನಾವೂ ಬೇಲಿ ದಾಟಿ ಬರಬೇಕು.