ಸಿಯೆನಾದ ಕುದುರೆ ಓಟಕ್ಕೆ ಹೊರಡುವ ಮುನ್ನ



ಕುದುರೆ ರೇಸ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಬಾಜಿ, ಸಾಲ, ಮನೆಮಠ ಕಳೆದುಕೊಂಡವರ ಕಥೆ, ಇವೇ ನೆನಪಿಗೆ ಬರುತ್ತವೆ. ಇಂದು ನಾನು ಹೇಳಹೊರಟಿರುವ ಓಟದಲ್ಲಿ ಬಾಜಿ ಕಟ್ಟುವ ಕೌಂಟರೇ ಇಲ್ಲ. ಗೆದ್ದವರು ಹೊತ್ತು ಮೆರೆಸುವುದು ಚಿತ್ರ ಬರೆದ ಉದ್ದನೆಯ ಒಂದು ರೇಷ್ಮೆ ಪತಾಕೆ. ಅದರ ಹೆಸರೇ ಪಾಲಿಯೊ. ಊರಿನವರು ಅದನ್ನು ಪ್ರೀತಿಯಿಂದ 'ಚಿಂದಿ' ಎಂದು ಕರೆಯುತ್ತಾರೆ! ಆ ಚಿಂದಿಗಾಗಿ ಶತಮಾನಗಳಿಂದ ಒಂದು ಊರೇ ಹಂಬಲಿಸುತ್ತಿದೆ.

ಊರು ಇಟಲಿಯ ಟಸ್ಕನಿ ಪ್ರಾಂತದ ಸಿಯೆನಾ. ಓಟ ನಡೆಯುವುದು ವರ್ಷಕ್ಕೆ ಎರಡು ಬಾರಿ, ಜುಲೈ 2 ಮತ್ತು ಆಗಸ್ಟ್ 16ರಂದು. ಊರ ನಡುವಿನ ಪಿಯಾತ್ಸಾ ದೆಲ್ ಕಾಂಪೊ ಎಂಬ ಚೌಕವೇ ಓಟದ ಮೈದಾನ. ಚಿಪ್ಪಿನ ಆಕಾರದ ಈ ಚೌಕದ ಅಂಚಿನ ಕಲ್ಲುಹಾಸಿನ ಮೇಲೆ ಹಳದಿ ಮಣ್ಣು ಹರಡುತ್ತಾರೆ. ಜೀನು ಇಲ್ಲದ ಬರಿಬೆನ್ನಿನ ಹತ್ತು ಕುದುರೆಗಳು ಮೂರು ಸುತ್ತು ಓಡುತ್ತವೆ. ಒಂದೂವರೆ ನಿಮಿಷದೊಳಗೆ ಎಲ್ಲವೂ ಮುಗಿಯುತ್ತದೆ. ಸವಾರ ಬಿದ್ದುಹೋದರೂ ಚಿಂತೆಯಿಲ್ಲ, ಕುದುರೆ ಒಂಟಿಯಾಗಿ ಮೊದಲು ಗುರಿ ಮುಟ್ಟಿದರೆ ಗೆಲುವು ಅದರದೇ.

ಒಂದೂವರೆ ನಿಮಿಷಕ್ಕಾಗಿ ಅಷ್ಟು ದೂರ ಹೋಗಬೇಕೇ ಎಂದು ನೀವು ಕೇಳಬಹುದು. ನನ್ನ ಮನೆಯಲ್ಲೂ ಕೇಳಿದರು. ಉತ್ತರ ಇರುವುದು ಆ ಊರಿನ ಕೇರಿಗಳಲ್ಲಿ. ಸಿಯೆನಾದಲ್ಲಿ 17 ಕೇರಿಗಳಿವೆ. ಅವರ ಮಾತಿನಲ್ಲಿ ಕೊಂತ್ರಾದ. ಇವುಗಳ ಗಡಿಯನ್ನು 1729ರಲ್ಲಿ ಗೊತ್ತುಪಡಿಸಲಾಯಿತು. ಹದ್ದು, ಆಮೆ, ಗೂಬೆ, ಬಸವನಹುಳು, ಮುಳ್ಳುಹಂದಿ, ಹೆಬ್ಬಾತು ಹೀಗೆ ಹೆಸರುಗಳು. ಒಂದು ಕೇರಿಯ ಹೆಸರು ಗೋಪುರ. ಅದರ ಲಾಂಛನ ಬೆನ್ನ ಮೇಲೆ ಗೋಪುರ ಹೊತ್ತ ಆನೆ. ಅದನ್ನು ಕಂಡಾಗ ನನಗೆ ನಮ್ಮ ದಸರೆಯ ಅಂಬಾರಿ ನೆನಪಾಯಿತು. ಪ್ರತಿ ಕೇರಿಗೂ ತನ್ನದೇ ಚರ್ಚು, ವಸ್ತುಸಂಗ್ರಹಾಲಯ, ಬಣ್ಣ, ಬಾವುಟ ಇವೆ. ಹಲವು ಕೇರಿಗಳಿಗೆ ಹಳೆಯ ವೈರಿಯೂ ಉಂಟು. ವೈರಿ ಗೆದ್ದರೆ ತಾವು ಸೋತದ್ದಕ್ಕಿಂತ ಹೆಚ್ಚು ದುಃಖ.

ಚೌಕ ಇಕ್ಕಟ್ಟಾದ್ದರಿಂದ ಹದಿನೇಳೂ ಓಡುವಂತಿಲ್ಲ. ಹಿಂದಿನ ವರ್ಷ ಅದೇ ತಿಂಗಳ ಓಟದಲ್ಲಿ ಇಲ್ಲದಿದ್ದ ಏಳು ಕೇರಿಗಳು ಹಕ್ಕಿನಿಂದ ಬರುತ್ತವೆ, ಉಳಿದ ಮೂರನ್ನು ಚೀಟಿ ಎತ್ತಿ ಆರಿಸುತ್ತಾರೆ. ಯಾವ ಕುದುರೆ ಯಾರಿಗೆ ಎಂಬುದೂ ಚೀಟಿಯಿಂದಲೇ. ಸವಾರನನ್ನು ಮಾತ್ರ ಹಣ ಕೊಟ್ಟು ಗೊತ್ತುಮಾಡಬಹುದು, ಮನಸ್ಸು ಒಪ್ಪದಿದ್ದರೆ ಬದಲಿಸಲೂಬಹುದು. ಕುದುರೆಯನ್ನು ಬದಲಿಸುವಂತಿಲ್ಲ. ಅದಕ್ಕೆ ಪೆಟ್ಟಾದರೆ ಆ ಕೇರಿ ಅಂದು ಓಡುವುದೇ ಇಲ್ಲ.

ಆದ್ದರಿಂದ ಪ್ರಯಾಣದ ಯೋಜನೆ ಹಾಕುವವರು ಓಟದ ದಿನಕ್ಕೆ ಸರಿಯಾಗಿ ಹೋಗಿ ಇಳಿಯಬಾರದು. ಜುಲೈ ಓಟಕ್ಕಾದರೆ ಜೂನ್ 29ರ ಬೆಳಿಗ್ಗೆಯೇ ಅಲ್ಲಿರಬೇಕು. ಕುದುರೆಗಳ ಚೀಟಿ ಎತ್ತುವುದು ಅಂದು. ಒಳ್ಳೆಯ ಕುದುರೆ ಸಿಕ್ಕ ಕೇರಿಯವರು ಚೌಕದಲ್ಲೇ ಕುಣಿಯುತ್ತಾರೆ. ಸಿಗದವರ ಮುಖ ನೋಡಲಾಗದು. ಅಂದಿನ ಸಂಜೆಯಿಂದ ಓಟದ ಬೆಳಗಿನವರೆಗೆ ಆರು ಅಭ್ಯಾಸದ ಓಟಗಳು. ಮುನ್ನಾದಿನದ ರಾತ್ರಿ ಬೀದಿಯಲ್ಲೇ ಮೇಜು ಹಾಕಿ ಕೇರಿಗೆ ಕೇರಿಯೇ ಊಟಕ್ಕೆ ಕೂರುತ್ತದೆ. ಓಟದ ಮಧ್ಯಾಹ್ನ ಕುದುರೆಯನ್ನು ಚರ್ಚಿನೊಳಕ್ಕೇ ಕರೆತರುತ್ತಾರೆ. ಪಾದ್ರಿ ಅದನ್ನು ಹರಸಿ, ಹೋಗಿ ಗೆದ್ದು ಬಾ ಎಂದು ಬೀಳ್ಕೊಡುತ್ತಾರೆ.

ಚೌಕದ ನಡುಭಾಗದಲ್ಲಿ ನಿಂತು ನೋಡಲು ಟಿಕೆಟ್ ಇಲ್ಲ. ಸುತ್ತಲಿನ ಮಹಡಿಗಳಲ್ಲಿ, ಮೆಟ್ಟಿಲುಸಾಲುಗಳಲ್ಲಿ ಕುಳಿತು ನೋಡಬೇಕಾದರೆ ನೂರಾರು ಯೂರೋ ತೆರಬೇಕು. ವಿದ್ಯಾರ್ಥಿಗಳಾದ ನಿಮಗೆ ನಡುಭಾಗವೇ ಸರಿ. ಆದರೆ ಗಂಟೆಗಟ್ಟಲೆ ಬಿಸಿಲಲ್ಲಿ ನಿಲ್ಲಬೇಕು, ಒಮ್ಮೆ ಹೊಕ್ಕರೆ ಹೊರಗೆ ಬರುವುದು ಕಷ್ಟ. ಟೋಪಿ, ನೀರು ಇರಲಿ. ವಯಸ್ಸಾದ ತಂದೆತಾಯಿಯರನ್ನು ಅಲ್ಲಿ ನಿಲ್ಲಿಸಬೇಡಿ.

ಕುದುರೆಗಳ ಮಾತು ಹೇಳದೆ ಮುಂದೆ ಹೋಗಲಾರೆ. ಸಾನ್ ಮಾರ್ತಿನೊ ಎಂಬ ಇಳಿಜಾರಿನ ತಿರುವಿನಲ್ಲಿ ಕುದುರೆಗಳು ಜಾರಿ ಗೋಡೆಗೆ ಬಡಿಯುತ್ತವೆ. ಹಲವು ಸತ್ತಿವೆ. ಪ್ರಾಣಿದಯಾ ಸಂಘಗಳವರು ಈ ಓಟ ನಿಲ್ಲಬೇಕೆಂದು ಬಹುಕಾಲದಿಂದ ಕೇಳುತ್ತಿದ್ದಾರೆ. ಊರಿನವರು ತಿರುವಿನ ಗೋಡೆಗೆ ದಪ್ಪ ಹಾಸಿಗೆ ಕಟ್ಟಿದ್ದಾರೆ, ಪಶುವೈದ್ಯರ ಪರೀಕ್ಷೆಯನ್ನು ಬಿಗಿಗೊಳಿಸಿದ್ದಾರೆ. ಅದು ಸಾಕೇ? ಸಾಲದು ಎಂದೇ ನನ್ನ ಅನಿಸಿಕೆ. ಹೋಗಬೇಕೇ ಬೇಡವೇ ಎಂದು ನೀವು ನಿರ್ಧರಿಸುವಾಗ ಇದೂ ಲೆಕ್ಕದಲ್ಲಿರಲಿ. ನಾನು ಹೋದೆ, ಪೂರ್ತಿ ನಿಶ್ಚಿಂತೆಯಿಂದ ಹೋದೆನೆಂದು ಹೇಳಲಾರೆ.

ಇನ್ನು ನಾನು ಮಾಡಿದ ತಪ್ಪು. 2024ರಲ್ಲಿ ನನ್ನ ಪತ್ನಿಯೂ ನಾನೂ ಹೋದದ್ದು ನಿವೃತ್ತಿಯ ಹಣದಲ್ಲಿ. ವರ್ಷಗಳ ಆಸೆ. ಅಭ್ಯಾಸದ ಓಟಗಳನ್ನು ನೋಡಿದೆವು, ಗಲ್ಲಿಗಲ್ಲಿಗಳಲ್ಲಿ ತಮಟೆಯ ಸದ್ದು ಕೇಳಿದೆವು. ಜುಲೈ 2ರಂದು ಮಳೆ. ಮಣ್ಣು ನೆನೆದರೆ ಕುದುರೆ ಜಾರುತ್ತದೆಂದು ಓಟವನ್ನು ಮುಂದೂಡುತ್ತಾರೆ. ಪುರಭವನದ ಕಿಟಕಿಯಲ್ಲಿ ಹಸಿರು ಬಾವುಟ ತೂಗುಹಾಕಿದರೆ ಅಂದು ಓಟವಿಲ್ಲ ಎಂದರ್ಥ. 3ರಂದೂ ಓಟವಾಗಲಿಲ್ಲ. ನಮ್ಮ ವಿಮಾನ 4ರ ಮಧ್ಯಾಹ್ನ, ರೋಮ್‌ನಿಂದ. ಟಿಕೆಟ್ ಬದಲಿಸಲು ವಿಚಾರಿಸಿದರೆ ಅವರು ಹೇಳಿದ ಮೊತ್ತ ನಮ್ಮ ಕೈಮೀರಿತ್ತು. ಬೆಳಿಗ್ಗೆ ಬಸ್ಸು ಹತ್ತುವಾಗ ಆಕಾಶ ನೋಡಿ ನನ್ನ ಪತ್ನಿ, "ಇವತ್ತು ಆಗತ್ತೆ ನೋಡಿ, ಅಂದ್ರೆ" ಎಂದಳು. ಆಯಿತು. ಅಂದು ಸಂಜೆ ಹೆಬ್ಬಾತಿನ ಕೇರಿ ಗೆದ್ದಿತು. ನಮಗೆ ತಿಳಿದದ್ದು ಮರುದಿನ, ಬೆಂಗಳೂರಿನಲ್ಲಿ ಇಳಿದ ಮೇಲೆ. ಆ ವರ್ಷ ಆಗಸ್ಟಿನ ಓಟವೂ ಒಂದು ದಿನ ಮುಂದೆ ಹೋಯಿತು.

ಇಟಲಿಗೆ ಬೇಕಾದದ್ದು ಷೆಂಗೆನ್ ವೀಸಾ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಕೊಡಬಹುದು, ಕೊನೆಯ ಪಕ್ಷ 15 ದಿನ ಮೊದಲಾದರೂ ಕೊಟ್ಟಿರಬೇಕು. ಬೇಸಿಗೆಯ ನೂಕುನುಗ್ಗಲಿದೆ, ಮಾರ್ಚಿನಲ್ಲೇ ತಯಾರಿ ನಡೆಸಿ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟಿನ ಅವಧಿ ನೀವು ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಉಳಿದಿರಬೇಕು. ಸಿಯೆನಾದಲ್ಲಿ ಆ ವಾರ ಕೋಣೆ ಸಿಗುವುದು ದುರ್ಲಭ. ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿಯ ಫ್ಲಾರೆನ್ಸಿನಲ್ಲಿ ಉಳಿದು ಬಂದುಹೋಗಬಹುದು. ವೀಸಾದ ಅವಧಿ, ವಿಮೆಯ ಅವಧಿ, ಕೋಣೆ, ಮರಳುವ ವಿಮಾನ, ಈ ನಾಲ್ಕನ್ನೂ ಓಟದ ದಿನದ ಆಚೆಗೆ ನಾಲ್ಕು ದಿನ ಎಳೆದು ಹಾಕಿಸಿಕೊಳ್ಳಿ. ಆ ನಾಲ್ಕು ದಿನಗಳ ಖರ್ಚಿಗೆ ಹಣ ಸಾಲದಿದ್ದರೆ ಒಂದು ವರ್ಷ ತಡೆದು ಹೋಗಿ.