ಹಾಸಿಗೆಯ ಪಕ್ಕದಲ್ಲಿರುವವರು

(ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ದಿನದ ಸಭೆಯಲ್ಲಿ ಮಾಡಿದ ಭಾಷಣ)



ತಿಂಗಳ ಮೊದಲ ಶುಕ್ರವಾರ ಗುರುಗಳು ಅಸ್ವಸ್ಥರಿಗೆ ಪರಮಪ್ರಸಾದವನ್ನು ಒಯ್ಯುವಾಗ ನಮ್ಮಲ್ಲಿ ಕೆಲವರು ಅವರೊಡನೆ ಹೋಗುವುದುಂಟು. ಮನೆ ಹೊಕ್ಕೊಡನೆ ನಾವು ವೃದ್ಧರನ್ನು ವಿಚಾರಿಸುತ್ತೇವೆ. ಬಾಗಿಲು ತೆರೆದು, ಮೇಣದಬತ್ತಿ ಹಚ್ಚಿ, ಗೋಡೆಗೊರಗಿ ನಿಂತ ಸೊಸೆಯನ್ನೋ ಮಗಳನ್ನೋ "ನೀನು ಹೇಗಿದ್ದೀಯಮ್ಮಾ" ಎಂದು ಕೇಳಿದ್ದು ನಮಗೆ ನೆನಪಿಲ್ಲ. ಭಾನುವಾರದ ಪೂಜೆಯಲ್ಲಿ ಆಕೆ ಕಾಣದಿದ್ದರೆ ಮಾತ್ರ ತಪ್ಪದೆ ಗಮನಿಸುತ್ತೇವೆ.

ಮಲಗಿದಲ್ಲೇ ಇರುವವರ ಬೆನ್ನಿಗೆ ಹುಣ್ಣಾಗದಿರಬೇಕಾದರೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ದಾದಿಯರು ಕಲಿಸುತ್ತಾರೆ. ಆಸ್ಪತ್ರೆಯಲ್ಲಿ ಆ ಕೆಲಸವನ್ನು ಪಾಳಿಯವರು ಹಂಚಿಕೊಳ್ಳುವರು; ಮನೆಯಲ್ಲಿ ಎಲ್ಲ ಪಾಳಿಯೂ ಒಬ್ಬಳದೇ. ನಿದ್ರೆ ತುಂಡಾಗುತ್ತದೆ, ಸೊಂಟ ಸೋಲುತ್ತದೆ. ಅತ್ತೆಯ ಗುಳಿಗೆಯನ್ನು ಹೊತ್ತು ತಪ್ಪದೆ ಕೊಡುವವಳು ತನ್ನ ರಕ್ತದೊತ್ತಡದ ಗುಳಿಗೆಯನ್ನು ಮರೆಯುತ್ತಾಳೆ. ಮರೆವಿನ ರೋಗವಿದ್ದರಂತೂ, ಉಣಿಸಿದ ಕೈಯನ್ನೇ ಗುರುತಿಸದೆ "ಅನ್ನ ಕೊಡಲಿಲ್ಲ" ಎಂದು ನೆರೆಯವರಲ್ಲಿ ದೂರುವುದೂ ಉಂಟು. ಆಗ ಸಿಟ್ಟು ಬರುತ್ತದೆ. ಆ ಸಿಟ್ಟಿಗಾಗಿ ಪಾಪನಿವೇದನೆಯ ಸಾಲಿನಲ್ಲಿ ನಿಲ್ಲುವವಳೂ ಆಕೆಯೇ, ದೂರದ ಊರಿನಿಂದ ಫೋನಿನಲ್ಲಿ ಸಲಹೆ ಕೊಡುವ ಮೈದುನನಲ್ಲ.

ತಂದೆಯ ಬುದ್ಧಿ ಕುಂದಿದರೂ ತಾಳ್ಮೆಯಿಂದಿರಬೇಕೆಂದು ಸಿರಾಖನ ಗ್ರಂಥದ 3ನೆಯ ಅಧ್ಯಾಯ ತಿಳಿಸುತ್ತದೆ. ತಿಳಿಸುವುದು ಮಗನಿಗೆ. ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯಿದೆಯೂ ಪೋಷಣೆಯ ಹೊಣೆಯನ್ನು ಮಗ, ಮಗಳು, ಪ್ರಾಪ್ತವಯಸ್ಕ ಮೊಮ್ಮಕ್ಕಳ ಮೇಲಿರಿಸಿತು. ಆ ಪಟ್ಟಿಯಲ್ಲಿ ಸೊಸೆ ಇರಲಿಲ್ಲ. ನಮ್ಮ ಮನೆಗಳ ಪಟ್ಟಿಯಲ್ಲಿ ಆಕೆಯದೇ ಮೊದಲ ಹೆಸರು.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಜ್ಯಾರಿಟ್ ಮತ್ತು ಸಂಗಡಿಗರು ಮರೆವಿನ ರೋಗಿಗಳಾದ 29 ವೃದ್ಧರನ್ನೂ ಅವರ ಆರೈಕೆ ಮಾಡುವವರನ್ನೂ ಕುರಿತು ನಡೆಸಿದ ಅಧ್ಯಯನವೊಂದು 1980ರಲ್ಲಿ ಪ್ರಕಟವಾಯಿತು. ಆರೈಕೆಯ ಹೊರೆಗೆ ರೋಗಿಯ ವಿಚಿತ್ರ ವರ್ತನೆಗಳೊಡನೆ ಸಂಬಂಧ ಕಾಣಲಿಲ್ಲ. ಕುಟುಂಬದ ಇತರರು ಎಷ್ಟು ಸಲ ರೋಗಿಯನ್ನು ನೋಡಲು ಬರುತ್ತಿದ್ದರು ಎಂಬುದರೊಡನೆ ಸಂಬಂಧ ಕಂಡಿತು. ಬರುವವರು ಹೆಚ್ಚಿದ್ದಲ್ಲಿ ಹೊರೆ ಕಡಿಮೆಯೆನಿಸಿತ್ತು. ಅಧ್ಯಯನ ಸಣ್ಣದೇ ಇರಬಹುದು. ಆದರೂ ಹೋಗದಿರುವುದಕ್ಕೆ ನಾವು ಕೊಡುವ ನೆಪಗಳನ್ನು ಅದು ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ.

ಹಣ್ಣು ಹಿಡಿದು ಹೋಗಿ, ಆಕೆ ಮಾಡಿಕೊಟ್ಟ ಚಹಾ ಕುಡಿದು ಬರುವ ಭೇಟಿಯನ್ನು ನಾವು ಹೇಳುತ್ತಿಲ್ಲ. 2 ಗಂಟೆ ಹಾಸಿಗೆಯ ಬಳಿ ಕುಳಿತು, ಆಕೆಯನ್ನು ಪೂಜೆಗೋ ತವರಿಗೋ ನಿದ್ರೆಗೋ ಬಿಟ್ಟುಕೊಡುವ ಭೇಟಿ. ಶತಮಾನೋತ್ಸವದ ಬಲಿಪೂಜೆಯ ದಿನ ಹೀಗೆ ಕುಳಿತುಕೊಳ್ಳಲು ವಾರ್ಡಿನ ಗುರಿಕಾರರಲ್ಲಿ ಈವರೆಗೆ 7 ಮಂದಿ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಗಂಡಸರು ಇಬ್ಬರೇ. ಪುಸ್ತಕ ಚರ್ಚಿನ ಕಚೇರಿಯಲ್ಲಿದೆ.